ಲುಕೇಮಿಯಾ ಮೇಂಟೆನೆನ್ಸ್: ಮಗು ಊರಿಗೆ ವಾಪಸ್ ಬರ್ತಿದೆ, ಮನೇಲಿ ಏನೇನು ಸಿದ್ಧ ಇರಬೇಕು?

ಅರಸೀಕೆರೆ_ಚಿಕ್ಕಮ್ಮ
ಅಕ್ಕನ ಮಗಳಿಗೆ 6 ವರ್ಷ, ಬಿ-ಸೆಲ್ ಎಎಲ್‌ಎಲ್ (ಒಂದು ಥರದ ರಕ್ತದ ಕ್ಯಾನ್ಸರ್). ಬೆಂಗಳೂರಲ್ಲಿ ಜೋರಿನ ಕೀಮೋ ಹಂತಗಳೆಲ್ಲ ಮುಗಿದು ಮುಂದಿನ ವಾರದಿಂದ ಮೇಂಟೆನೆನ್ಸ್ (ರೋಗ ಮರುಕಳಿಸದ ಹಾಗೆ ಮನೇಲೇ ಮಾತ್ರೆ ಕೊಡೋ ಹಂತ) ಶುರು. ಇನ್ನು ಊರಲ್ಲೇ ಇರಬಹುದು, ತಿಂಗಳಿಗೊಮ್ಮೆ ಬನ್ನಿ ಅಂದಿದ್ದಾರೆ. ಊರು ಅರಸೀಕೆರೆ ತಾಲ್ಲೂಕು. ಹಾಸನಕ್ಕೆ ಒಂದು ಗಂಟೆ, ಬೆಂಗಳೂರಿಗೆ ನಾಲ್ಕು ಗಂಟೆ ಮೇಲೆ.

ಚೀಟಿಯಲ್ಲಿರೋದು: 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್, ಕೀಮೋ ಮಾತ್ರೆ) ವಾರದಲ್ಲಿ 5 ದಿನ 50 ಮಿ.ಗ್ರಾಂ, 2 ದಿನ 25. ಮೆಥೊಟ್ರೆಕ್ಸೇಟ್ (ಇದೂ ಕೀಮೋ ಮಾತ್ರೆ) ವಾರಕ್ಕೊಮ್ಮೆ 15. ಸೆಪ್ಟ್ರಾನ್ (ಸೋಂಕು ತಡೆಯೋ ಔಷಧಿ) ಶನಿವಾರ, ಭಾನುವಾರ. ನಾಲ್ಕು ವಾರಕ್ಕೊಂದು ವಿನ್‌ಕ್ರಿಸ್ಟಿನ್ ಸೂಜಿ, ಅದರ ಜೊತೆ 5 ದಿನ ಡೆಕ್ಸಾ (ಡೆಕ್ಸಾಮೆಥಾಸೋನ್, ಸ್ಟೀರಾಯ್ಡ್). ತೂಕ 18 ಕೆ.ಜಿ. ಪಿಕ್ ಲೈನ್ (ಔಷಧಿ ಕೊಡೋಕೆ ತೋಳಿನ ರಕ್ತನಾಳಕ್ಕೆ ಹಾಕಿದ್ದ ಕೊಳವೆ) ತೆಗೆದಾಯ್ತು.

ಮನೇಲಿ ಒಂದೂವರೆ ವರ್ಷದ ತಮ್ಮ, ಅಜ್ಜ ಅಜ್ಜಿ, ಎರಡು ಹಸು. ಮಗುವಿನ ಸೋದರತ್ತೆ ಬಾಣಂತನಕ್ಕೆ ಬಂದಿದ್ದಾಳೆ, ಏಳು ತಿಂಗಳು. ರಾತ್ರಿ ಜ್ವರ ಬಂದರೆ ಮೊದಲು ಎಲ್ಲಿಗೆ ಓಡಬೇಕು? ಮಾತ್ರೆ, ಊಟ, ಸ್ಕೂಲು, ಕೊಟ್ಟಿಗೆ, ಬಂದುಹೋಗೋ ನೆಂಟರು, ಎಲ್ಲದರ ಬಗ್ಗೆ ತಲೆಗೊಂದು ಮಾತು ಕೇಳಿ ಅಕ್ಕನಿಗೆ ತಲೆ ಕೆಟ್ಟಿದೆ. ಗೊತ್ತಿರೋರು ನಿಖರವಾಗಿ ಹೇಳಿ.

ನೈಟ್‌ಡ್ಯೂಟಿ
ಜ್ವರದಿಂದಲೇ ಶುರು ಮಾಡ್ತೀನಿ, ಮಿಕ್ಕಿದ್ದೆಲ್ಲ ಅದರ ನಂತರ.

ಡಿಜಿಟಲ್ ಥರ್ಮಾಮೀಟರ್ ಎರಡು ಇಟ್ಟುಕೊಳ್ಳಿ, ಒಂದರ ಸೆಲ್ ಕೈಕೊಟ್ಟರೆ ಇನ್ನೊಂದಿರಲಿ. ಒಂದು ಸಲ 101 ಡಿಗ್ರಿ ಫ್ಯಾರನ್‌ಹೀಟ್, ಅಥವಾ 100.4 ಬಂದು ಒಂದು ಗಂಟೆ ಇಳಿಯದೆ ನಿಂತರೆ, ಅದು ಜ್ವರ. ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ನಿಮ್ಮ ಯೂನಿಟ್ (ಬೆಂಗಳೂರಲ್ಲಿ ಚಿಕಿತ್ಸೆ ಕೊಡೋ ವಿಭಾಗ) ಬೇರೆ ಸಂಖ್ಯೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಬಾಯಲ್ಲಿ ಅಥವಾ ಕಂಕುಳಲ್ಲಿ ನೋಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬೇಡಿ, ಸಣ್ಣ ಗೀರಾದರೂ ಕೌಂಟ್ (ರಕ್ತಕಣಗಳ ಸಂಖ್ಯೆ) ಕಮ್ಮಿ ಇರೋ ಮಗುವಿನ ರಕ್ತಕ್ಕೆ ಅಲ್ಲಿಂದಲೇ ಬ್ಯಾಕ್ಟೀರಿಯಾ ಹೋಗುತ್ತೆ.

ಮೊದಲು ಅಳತೆ, ಆಮೇಲೆ ಫೋನು, ಅವರು ಹೇಳಿದ ಮೇಲೆ ಪ್ಯಾರಾಸಿಟಮಾಲ್. ಮೊದಲೇ ಕುಡಿಸಿದರೆ ಜ್ವರ ಮುಚ್ಚಿಹೋಗಿ ಎರಡು ಮೂರು ಗಂಟೆ ಕೈತಪ್ಪುತ್ತೆ. ಆಸ್ಪತ್ರೆ ಬಾಗಿಲು ದಾಟಿದ ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಹಾಗಾಗಿ ಬೆಂಗಳೂರಿಗೆ ನಾಲ್ಕು ಗಂಟೆ ಓಡೋದು ತಪ್ಪು ಲೆಕ್ಕ. ಹತ್ತಿರದಲ್ಲಿ 24 ಗಂಟೆ ಮಕ್ಕಳ ವಾರ್ಡು, ಐವಿ ಹಾಕೋ ಡಾಕ್ಟರು ಇರೋ ಕಡೆ ಮೊದಲ ಡೋಸ್. ಮುಂದಕ್ಕೆ ಕಳಿಸೋದನ್ನ ಎರಡೂ ಕಡೆ ಡಾಕ್ಟರು ಮಾತಾಡಿ ನಿರ್ಧರಿಸಲಿ.

ಡಲ್ಲಾಸ್_ಕನ್ನಡಿಗ
ಇಲ್ಲಿ 100.4 ಅಂದರೆ ಒಂದೇ ಸಲ ಬಂದರೂ ಫೋನ್ ಮಾಡು ಅಂತಾರೆ. ಕಂಕುಳಲ್ಲಿ ನೋಡಿದರೆ 1 ಡಿಗ್ರಿ ಸೇರಿಸಬೇಕು ಅಲ್ವಾ?

ನೈಟ್‌ಡ್ಯೂಟಿ
@ಡಲ್ಲಾಸ್_ಕನ್ನಡಿಗ 100.4ಕ್ಕೆ ಫೋನ್ ಮಾಡೋದರಲ್ಲಿ ಏನೂ ತಪ್ಪಿಲ್ಲ, ಮಾಡಲಿ. ಆದರೆ ಕೂಡಿಸೋದು ಕಳೆಯೋದು ಬೇಡ. ಕಂಕುಳ ಅಳತೆ ಸ್ವಲ್ಪ ಕಮ್ಮಿ ತೋರಿಸೋದು ನಿಜ, ಆದರೆ ಮನೆಯವರು ಒಂದು ಡಿಗ್ರಿ ಸೇರಿಸಿ ಹೇಳ್ತಾರೆ, ಫೋನ್ ಎತ್ತಿದೋರು ಇನ್ನೊಂದು ಸೇರಿಸ್ತಾರೆ, ಕೊನೆಗೆ ನಿಜವಾದ ಸಂಖ್ಯೆ ಯಾರಿಗೂ ಗೊತ್ತಿರಲ್ಲ. "ಕಂಕುಳಲ್ಲಿ 100.2, ರಾತ್ರಿ 11:20ಕ್ಕೆ" ಅಂತ ಇದ್ದಿದ್ದನ್ನ ಇದ್ದ ಹಾಗೆ ಹೇಳಿ.

ಇನ್ನೊಂದು. ಡೆಕ್ಸಾ ಕೊಡೋ 5 ದಿನ ಜ್ವರ ತಲೆಯೆತ್ತದೇ ಇರಬಹುದು. ಆ ದಿನಗಳಲ್ಲಿ ಕೈಕಾಲು ತಣ್ಣಗಾಗೋದು, ಮಂಕು ಬಡಿದ ಹಾಗೆ ಮಲಗೋದು, ನಡುಕ, ಹೊಟ್ಟೆನೋವು ಇದ್ದರೆ ಥರ್ಮಾಮೀಟರ್ 98 ತೋರಿಸಿದರೂ ಫೋನ್ ಮಾಡಿ.

ಹರಟೆಕಟ್ಟೆ
ಪ್ಯಾರಾಸಿಟಮಾಲ್ ಎಷ್ಟು ಎಂಎಲ್ ಅಂತ ಯಾರೂ ಹೇಳಲಿಲ್ಲ.

ಮಾತ್ರೆಪೆಟ್ಟಿಗೆ
ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕ. 18 ಕೆ.ಜಿ.ಗೆ 270 ಮಿ.ಗ್ರಾಂ ಆಗುತ್ತೆ, ಅಂದರೆ 5 ಎಂಎಲ್‌ಗೆ 250 ಮಿ.ಗ್ರಾಂ ಇರೋ ಸಿರಪ್ಪಿನಲ್ಲಿ 5 ಎಂಎಲ್. ಅಂಗಡಿಯಲ್ಲಿ 120, 125ರ ಬಾಟಲಿಯೂ ಸಿಗುತ್ತೆ, ನೋಡಕ್ಕೆ ಎರಡೂ ಒಂದೇ ಥರ. ಲೇಬಲ್ ಓದದೆ ಕುಡಿಸಿದರೆ ಅರ್ಧ ಡೋಸ್.

ಮುಖ್ಯ ವಿಷಯ ಬೇರೆ ಇದೆ. ಮಕ್ಕಳ ಜ್ವರಕ್ಕೆ ಅಂಗಡಿಯವರು ಸಲೀಸಾಗಿ ಎತ್ತಿಕೊಡೋದು ಮೆಫನಮಿಕ್ ಆ್ಯಸಿಡ್ ಸಿರಪ್, ಇಲ್ಲಾಂದ್ರೆ ಐಬುಪ್ರೊಫೆನ್-ಪ್ಯಾರಾಸಿಟಮಾಲ್ ಬೆರೆಸಿದ್ದು. ಎರಡೂ ಈ ಮಗುವಿಗೆ ಬೇಡ. ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ ಮಾಡುತ್ತೆ, ಜೊತೆಗೆ ಮೆಥೊಟ್ರೆಕ್ಸೇಟ್ ಮೂತ್ರಪಿಂಡದಿಂದ ಹೊರಹೋಗೋದನ್ನ ತಡೆಯುತ್ತೆ. ಊರ ಡಾಕ್ಟರು ಸೊಂಟಕ್ಕೆ ಹಾಕೋ ಡೈಕ್ಲೋಫೆನಾಕ್ ಸೂಜಿ ಇನ್ನೂ ಕೆಟ್ಟದ್ದು. ಔಷಧಿಯೂ ತಪ್ಪು, ಪ್ಲೇಟ್‌ಲೆಟ್ ಕಮ್ಮಿ ಇದ್ದಾಗ ಮಾಂಸಖಂಡಕ್ಕೆ ಚುಚ್ಚೋದೂ ತಪ್ಪು, ಒಳಗೇ ರಕ್ತ ಕಟ್ಟಿಕೊಳ್ಳುತ್ತೆ. "ಒಂದು ಸೂಜಿ ಹಾಕಿಸ್ಕೊಂಡು ಹೋಗಿ" ಅಂತ ಯಾರೇ ಅಂದರೂ ಬೇಡ ಅನ್ನೋದು ಅಜ್ಜ ಅಜ್ಜಿಗೂ ಗೊತ್ತಿರಲಿ. ಮಗು ಅವರ ಹತ್ತಿರ ಇದ್ದಾಗಲೇ ಜ್ವರ ಬರೋದು.

ಕೌಂಟರ್_ನಂ_4
ಡಿಸ್‌ಚಾರ್ಜ್ ದಿನವೇ ಯೂನಿಟ್ಟಿನಿಂದ "ಸ್ಥಳೀಯ ವೈದ್ಯರಿಗೆ" ಅಂತ ಒಂದು ಪತ್ರ ಬರೆಸಿಕೊಳ್ಳಿ. ರೋಗ, ಈಗಿರೋ ಹಂತ, ಜ್ವರ ಬಂದರೆ ಬ್ಲಡ್ ಕಲ್ಚರ್ ತೆಗೆದು ಯಾವ ಆಂಟಿಬಯೋಟಿಕ್, ತೂಕಕ್ಕೆ ಎಷ್ಟು ಡೋಸ್, ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಗೆ ಕಾಯಬೇಡಿ ಅನ್ನೋ ಸಾಲು, ಯೂನಿಟ್ ನಂಬರು. ಇಷ್ಟು ಒಂದೇ ಹಾಳೆಯಲ್ಲಿ ಇರಲಿ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ ಕೈಗೆ 80 ಪುಟದ ಫೈಲ್ ಕೊಟ್ಟರೆ ಓದೋ ಹೊತ್ತಿಗೆ ಆ ಒಂದು ಗಂಟೆ ಮುಗಿದಿರುತ್ತೆ.

ಮಗು ಚೆನ್ನಾಗಿರೋವಾಗಲೇ ಆ ಪತ್ರ ಹಿಡಿದು ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ಅಥವಾ ನಿಮಗೆ ಅನುಕೂಲವಾದ ಕಡೆಗೆ ಒಂದು ಸಲ ಹೋಗಿ ಬನ್ನಿ. ರಾತ್ರಿ ಯಾವ ಗೇಟು ತೆರೆದಿರುತ್ತೆ, ಮಕ್ಕಳ ವಿಭಾಗ ಎಷ್ಟನೇ ಮಹಡಿ, ಪತ್ರದಲ್ಲಿರೋ ಆಂಟಿಬಯೋಟಿಕ್ ಅಲ್ಲಿ ಸ್ಟಾಕ್ ಇರುತ್ತಾ, ಕೇಳಿಕೊಂಡು ಬನ್ನಿ.

ಬಾಗಿಲ ಹಿಂದೆ ಒಂದು ಬ್ಯಾಗ್ ನೇತುಹಾಕಿ. ಪತ್ರದ ಎರಡು ಪ್ರತಿ, ಕೊನೆಯ ಸಿಬಿಸಿ, ರಕ್ತದ ಗುಂಪು, ಅಲರ್ಜಿ ಇದ್ದರೆ ಅದರ ಹೆಸರು, ರೇಷನ್ ಕಾರ್ಡು, ಆಧಾರ್, ಚಾರ್ಜರ್, ಒಂದು ಜೊತೆ ಬಟ್ಟೆ, ಕಾಯಿಸಿದ ನೀರು ತುಂಬಿಕೊಳ್ಳಲು ಬಾಟಲಿ. ಗಾಡಿ ಸಿಗದಿದ್ದರೆ 108.

ಅರಸೀಕೆರೆ_ಚಿಕ್ಕಮ್ಮ
ಪತ್ರದ ವಿಷಯ ಯಾರೂ ಹೇಳಿರಲಿಲ್ಲ. ನಾಳೆಯೇ ಕೇಳ್ತೀವಿ. ಮಾತ್ರೆ ಬಗ್ಗೆ ಹೇಳಿ. 6-ಎಂಪಿ ರಾತ್ರಿ, ಖಾಲಿ ಹೊಟ್ಟೆ, ಹಾಲು ಮುಟ್ಟಿಸಬಾರದು ಅಂತಾರಲ್ಲ?

ಕುಡ್ಲದ_ಬೊಂಡ
ಹೌದು, ಹಾಲು ಕುಡಿದರೆ ಔಷಧಿ ಕೆಲಸ ಮಾಡುವುದಿಲ್ಲ. ಊಟ ಆಗಿ ಎರಡು ಗಂಟೆ ಬಿಟ್ಟೇ ಕೊಡಬೇಕು.

ಮಾತ್ರೆಪೆಟ್ಟಿಗೆ
@ಕುಡ್ಲದ_ಬೊಂಡ ಅದು ಹಳೇ ಸಲಹೆ. ಹಾಲಲ್ಲಿರೋ ಕ್ಸಾಂಥೀನ್ ಆಕ್ಸಿಡೇಸ್ ಅನ್ನೋ ಕಿಣ್ವ 6-ಎಂಪಿಯನ್ನ ಒಡೆಯುತ್ತೆ ಅನ್ನೋದು ಅದರ ಮೂಲ. ಆಮೇಲೆ ನೂರಾರು ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಹಾಲು, ಊಟ, ಹೊತ್ತು, ಇವುಗಳಿಂದ ರೋಗ ಮರುಕಳಿಸೋದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಂಡಿದ್ದು ಡೋಸ್ ತಪ್ಪಿಸೋದರಿಂದ. ನೂರು ಡೋಸಲ್ಲಿ ಐದಕ್ಕಿಂತ ಜಾಸ್ತಿ ತಪ್ಪಿಸಿದ ಮಕ್ಕಳಲ್ಲಿ ಮರುಕಳಿಸಿದ್ದು ಎದ್ದು ಕಾಣುವಷ್ಟು ಹೆಚ್ಚಿತ್ತು. ಖಾಲಿ ಹೊಟ್ಟೆ ಆಗಲಿ ಅಂತ ಕಾದು, ಮಗು ನಿದ್ದೆ ಹೋಗಿ, ಎಬ್ಬಿಸೋದು ಪಾಪ ಅಂತ ಬಿಟ್ಟರೆ ಹಾಲಿಗಿಂತ ನೂರು ಪಾಲು ನಷ್ಟ. ನಿಮ್ಮ ಡಾಕ್ಟರು ಖಾಲಿ ಹೊಟ್ಟೆಯೇ ಆಗಬೇಕು ಅಂದಿದ್ದರೆ ಹಾಗೇ ಮಾಡಿ. ಇಲ್ಲದಿದ್ದರೆ ದಿನಾ ತಪ್ಪದೆ ನಡೆಯೋ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ನಿಮ್ಮ ಚೀಟಿ ಲೆಕ್ಕ: 50×5 + 25×2 = ವಾರಕ್ಕೆ 300 ಮಿ.ಗ್ರಾಂ. 18 ಕೆ.ಜಿ. ಮಗುವಿನ ಮೈ ವಿಸ್ತೀರ್ಣ ಸುಮಾರು 0.74 ಚದರ ಮೀಟರ್, ಅಂದರೆ ದಿನಕ್ಕೆ ಚದರ ಮೀಟರಿಗೆ 60ರ ಹತ್ತಿರ. ಸರಿಯಾಗಿದೆ. ಅರ್ಧ ಮಾತ್ರೆಯ ಎರಡು ದಿನಗಳನ್ನ ಒಟ್ಟಿಗೆ ಇಡಬೇಡಿ, ಬುಧವಾರ, ಭಾನುವಾರ ಅಂತ ಹಂಚಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮೆಥೊಟ್ರೆಕ್ಸೇಟ್ 15 ಅಂದರೆ 2.5ರ ಮಾತ್ರೆ ಆರು, ಒಂದೇ ಹೊತ್ತಿಗೆ, ವಾರಕ್ಕೆ ಒಂದೇ ದಿನ. ಇದನ್ನ ದಿನಾ ಕೊಟ್ಟುಬಿಡೋದು ಈ ಔಷಧಿಯಲ್ಲಿ ಆಗೋ ಅತಿ ದೊಡ್ಡ ಅಪಾಯ. ಬಾಯೆಲ್ಲ ಹುಣ್ಣಾಗಿ ರಕ್ತ ಮಾಡೋ ಮೂಳೆಮಜ್ಜೆ ಕೆಲಸ ನಿಲ್ಲಿಸುತ್ತೆ, ಜೀವಕ್ಕೇ ಬರುತ್ತೆ. ಅಂಗಡಿಯಲ್ಲಿ 2.5, 5, 7.5, 10 ಎಲ್ಲಾ ಸಿಗುತ್ತೆ. ನೀವು 2.5 ಬಿಟ್ಟು ಬೇರೆ ತಗೋಬೇಡಿ, "ಆರು ಮಾತ್ರೆ" ಅಂತ ಬಾಯಿಪಾಠ ಇರೋ ಮನೇಲಿ 10ರ ಸ್ಟ್ರಿಪ್ ಬಂದರೆ ನಾಲ್ಕು ಪಟ್ಟು ಡೋಸ್. 6-ಎಂಪಿ ಡಬ್ಬಿ ಬೇರೆ, ಇದರ ಡಬ್ಬಿ ಬೇರೆ ಇರಲಿ. ಸೆಪ್ಟ್ರಾನ್ ಶನಿ-ಭಾನು ಇರೋದರಿಂದ ಮೆಥೊಟ್ರೆಕ್ಸೇಟನ್ನ ವಾರದ ಮಧ್ಯಕ್ಕೆ ಇಡಬಹುದಾ ಕೇಳಿ. ಎರಡೂ ಫೋಲೇಟ್ (ಒಂದು ಬಿ ವಿಟಮಿನ್) ದಾರಿಗೇ ಅಡ್ಡ ನಿಲ್ಲೋ ಔಷಧಿಗಳು. ಬೆನ್ನಿಗೆ ಸೂಜಿ (ಬೆನ್ನುಹುರಿ ಸುತ್ತಲಿನ ದ್ರವಕ್ಕೆ ಹಾಕೋ ಕೀಮೋ) ಇರೋ ವಾರ ಬಾಯಿಯ ಮೆಥೊಟ್ರೆಕ್ಸೇಟ್ ಬಿಡಬೇಕಾ ಅನ್ನೋದನ್ನೂ ಕೇಳಿ, ಹಲವು ಪ್ರೋಟೋಕಾಲಿನಲ್ಲಿ (ನಿಗದಿತ ಚಿಕಿತ್ಸಾ ಕ್ರಮದಲ್ಲಿ) ಬಿಡ್ತಾರೆ. ಮಲ್ಟಿವಿಟಮಿನ್ ಸಿರಪ್ಪಲ್ಲಿ ಫೋಲಿಕ್ ಆ್ಯಸಿಡ್ ಇರುತ್ತೆ, ಕೇಳದೆ ಕೊಡಬೇಡಿ.

ಡಲ್ಲಾಸ್_ಕನ್ನಡಿಗ
ಒಂದು ರಾತ್ರಿ ಮರೆತರೆ? ವಾಂತಿ ಆದರೆ?

ಮಾತ್ರೆಪೆಟ್ಟಿಗೆ
ಮರೆತಿದ್ದು ಮಾರನೇ ಬೆಳಿಗ್ಗೆ ನೆನಪಾದರೆ ಅದನ್ನ ಬಿಟ್ಟು, ಆ ರಾತ್ರಿದು ಮಾತ್ರ ಕೊಡಿ. ಡಬಲ್ ಬೇಡ. ವಾಂತಿಯಾದರೆ ಕೊಟ್ಟು ಎಷ್ಟು ನಿಮಿಷ ಆಗಿತ್ತು, ಮಾತ್ರೆ ಕಾಣಿಸ್ತಾ ನೋಡಿ ಯೂನಿಟ್ಟಿಗೆ ಕೇಳಿ, ನೀವೇ ಮತ್ತೆ ಕೊಡಬೇಡಿ. ಎರಡೂ ಬರೆದಿಡಿ. ತಪ್ಪಿದ ಡೋಸ್ ಮುಚ್ಚಿಟ್ಟರೆ ಡಾಕ್ಟರು ತಪ್ಪು ಕಾರಣಕ್ಕೆ ಡೋಸ್ ಏರಿಸ್ತಾರೆ.

ಮಾತ್ರೆ ಮುರಿಯೋಕೆ ಕಟರ್ ಪ್ರತ್ಯೇಕ ಇರಲಿ, ಬೇರೆಯವರ ಮಾತ್ರೆಗೆ ಬಳಸಬೇಡಿ. ಕೈಗೆ ಗ್ಲೌಸ್. ಒರಳಲ್ಲಿ ಕುಟ್ಟಬಾರದು, ಪುಡಿ ಗಾಳಿಗೆ ಹಾರುತ್ತೆ. ನುಂಗದ ಮಗುವಾದರೆ 10 ಎಂಎಲ್ ಸಿರಿಂಜಿನೊಳಗೇ (ಸೂಜಿ ಇಲ್ಲದ್ದು) ಮಾತ್ರೆ ಹಾಕಿ, 5 ಎಂಎಲ್ ನೀರು ಎಳೆದು, ಸಿರಿಂಜಿನ ಬಾಯಿ ಮುಚ್ಚಿ ಅಲ್ಲಾಡಿಸಿ ಕರಗಿಸಿ ಕುಡಿಸಿ. ಇನ್ನೊಂದು 5 ಎಂಎಲ್ ನೀರು ಎಳೆದು ಅದನ್ನೂ ಕುಡಿಸಿ, ಅಡಿಯಲ್ಲಿ ಉಳಿಯೋ ಪುಡಿಯೂ ಡೋಸೇ.

ಬಸುರಿ ಅತ್ತೆ ಈ ಎರಡು ಮಾತ್ರೆ ಮುಟ್ಟೋದೇ ಬೇಡ. ಸೂಜಿಯ ದಿನದಿಂದ 48 ಗಂಟೆ ಮಗುವಿನ ವಾಂತಿ, ಮೂತ್ರದ ಬಟ್ಟೆ ಒಗೆಯೋದೂ ಅವಳ ಕೆಲಸ ಅಲ್ಲ. ಬೇರೆಯವರೂ ಗ್ಲೌಸ್ ಹಾಕಿಕೊಂಡೇ ಮಾಡಲಿ, ಆ ಬಟ್ಟೆ ಬೇರೆಯಾಗಿ ಎರಡು ಸಲ ಒಗೆಯಲಿ.

ಸ್ಲೈಡ್‌ನೋಡುಗ
ಕೌಂಟಿನ ಬಗ್ಗೆ ಎರಡು ಮಾತು. ಊರ ಲ್ಯಾಬಿನ ವರದಿಯಲ್ಲಿ ಎಎನ್‌ಸಿ (ಸೋಂಕಿನ ಜೊತೆ ಹೋರಾಡೋ ನ್ಯೂಟ್ರೋಫಿಲ್ ಕಣಗಳ ಸಂಖ್ಯೆ) ಅಂತ ಬರೆದಿರಲ್ಲ, ನೀವೇ ತೆಗೀಬೇಕು. ಟಿಎಲ್‌ಸಿ (ಒಟ್ಟು ಬಿಳಿ ರಕ್ತಕಣ) 2,100, ನ್ಯೂಟ್ರೋಫಿಲ್ ನೂರಕ್ಕೆ 38 ಇದ್ದರೆ 2,100×38÷100 = 798. ಟಿಎಲ್‌ಸಿ "2.1" ಅಂತಿದ್ದರೆ ಸಾವಿರದಿಂದ ಗುಣಿಸಿ.

ಸಣ್ಣ ಊರಿನ ಬಹಳ ಲ್ಯಾಬುಗಳಲ್ಲಿ ಇರೋದು ಬಿಳಿ ಕಣಗಳನ್ನ ಮೂರೇ ಗುಂಪು ಮಾಡೋ ತ್ರೀ-ಪಾರ್ಟ್ ಮಷೀನು. ಅದು ನ್ಯೂಟ್ರೋಫಿಲ್ ಹೇಳಲ್ಲ, "ಗ್ರಾನ್" ಹೇಳುತ್ತೆ. ಇಯೋಸಿನೋಫಿಲ್ ಅನ್ನೋ ಇನ್ನೊಂದು ಥರದ ಬಿಳಿ ಕಣ ಅದರೊಳಗೋ "ಮಿಡ್" ಒಳಗೋ ಸೇರಿಬಿಡುತ್ತೆ. ಹಳ್ಳಿ ಮಕ್ಕಳಲ್ಲಿ ಜಂತುಹುಳ, ಅಲರ್ಜಿಯಿಂದ ಇಯೋಸಿನೋಫಿಲ್ ನೂರಕ್ಕೆ 14 ಇರೋದೇನೂ ಅಪರೂಪ ಅಲ್ಲ. ಅದೇ 2,100 ಟಿಎಲ್‌ಸಿಗೆ ಗ್ರಾನ್ 45 ನೋಡಿ ಎಎನ್‌ಸಿ 945 ಅಂದುಕೊಂಡರೆ ನಿಜವಾಗಿ 651 ಇರಬಹುದು. ಸ್ಲೈಡ್ ಹಾಕಿ ಕೈಯಲ್ಲಿ ಎಣಿಸಿದ ಡಿಫರೆನ್ಷಿಯಲ್ ಬೇಕು ಅಂತ ಕೇಳಿ. ಪ್ಲೇಟ್‌ಲೆಟ್ ಇದ್ದಕ್ಕಿದ್ದ ಹಾಗೆ ಪಾತಾಳಕ್ಕೆ ಬಿದ್ದು ಮಗು ಮಾತ್ರ ಗಟ್ಟಿಮುಟ್ಟಾಗಿದ್ದರೆ ಟ್ಯೂಬಲ್ಲೇ ಗುಂಪು ಕಟ್ಟಿರಬಹುದು, ಅದೂ ಸ್ಲೈಡಲ್ಲಿ ಗೊತ್ತಾಗುತ್ತೆ. ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ.

ಕುಡ್ಲದ_ಬೊಂಡ
ಎಎನ್‌ಸಿ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದಲ್ಲವೇ?

ನೈಟ್‌ಡ್ಯೂಟಿ
ಅಲ್ಲ! ಮೇಂಟೆನೆನ್ಸಲ್ಲಿ ಎಲ್ಲರೂ ಎಡವೋದು ಇಲ್ಲೇ. ಈ ಹಂತದಲ್ಲಿ ಎಎನ್‌ಸಿಯನ್ನ ಬೇಕಂತಲೇ ತಗ್ಗಿಸಿ ಇಡ್ತಾರೆ, ಸುಮಾರು 500 ಅಥವಾ 750ರಿಂದ 1,500ರ ಒಳಗೆ, ಪ್ರೋಟೋಕಾಲ್ ಮೇಲೆ. 4,000 ಬಂತು ಅಂತ ಮನೇಲಿ ಪಾಯಸ ಮಾಡಿದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ. ಡೋಸ್ ಸಾಲುತ್ತಿಲ್ಲ, ಇಲ್ಲಾ ಮಾತ್ರೆ ಹೊಟ್ಟೆಗೆ ಹೋಗ್ತಿಲ್ಲ ಅಂತ ಅರ್ಥ. ಡೆಕ್ಸಾ ಕೊಟ್ಟ ದಿನಗಳಲ್ಲಿ ಮಾತ್ರ ಸುಮ್ಮನೆ ಏರುತ್ತೆ, ಅದಕ್ಕೇ ಆ ವಾರದ ಕೌಂಟ್ ನಂಬಿ ಯಾರೂ ಡೋಸ್ ಬದಲಿಸಲ್ಲ.

500ಕ್ಕಿಂತ ಕೆಳಗೆ ಅಥವಾ ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗೆ ಹೋದರೆ ಎರಡೂ ಮಾತ್ರೆ ನಿಲ್ಲಿಸೋದು ಸಾಮಾನ್ಯ. ಆದರೆ ನಿಲ್ಲಿಸೋದೂ, ಮತ್ತೆ ಶುರು ಮಾಡೋದೂ ಫೋನಲ್ಲಿ ಕೇಳಿಯೇ. ವರದಿಯ ಫೋಟೋ ಕಳಿಸಿ "ನಿಲ್ಲಿಸಿ" ಅನ್ನಿಸಿಕೊಂಡು, ಮತ್ತೆ ಶುರು ಮಾಡೋದನ್ನ ಮೂರು ವಾರ ಮರೆತ ಮನೆಗಳು ಬೇಕಾದಷ್ಟಿವೆ. ಸಣ್ಣ ಡೋಸಿಗೇ ಪದೇಪದೇ ಕೌಂಟ್ ಬೀಳ್ತಿದ್ದರೆ ನುಡ್‌ಟಿ15 ಅನ್ನೋ ಜೀನಿನ ಪರೀಕ್ಷೆ ಬಗ್ಗೆ ಕೇಳಿ. ನಮ್ಮ ಕಡೆಯವರಲ್ಲಿ ಅದರ ವ್ಯತ್ಯಾಸ ಸಾಕಷ್ಟು ಇದೆ, ಅಂಥ ಮಕ್ಕಳಿಗೆ 6-ಎಂಪಿ ಕಮ್ಮಿ ಸಾಕಾಗುತ್ತೆ.

ಗಿಡಮೂಲಿಕೆ_ಗಿರಿ
ಪ್ಲೇಟ್‌ಲೆಟ್ಟಿಗೆ ಪಪ್ಪಾಯ ಎಲೆ ರಸ, ಬೆಳಿಗ್ಗೆ ಎರಡು ಚಮಚ. ರೋಗನಿರೋಧಕ ಶಕ್ತಿಗೆ ಅಮೃತಬಳ್ಳಿ ಕಷಾಯ. ನಮ್ಮ ಹಿತ್ತಲಲ್ಲೇ ಸಿಗುತ್ತೆ, ಅಡ್ಡಪರಿಣಾಮ ಇಲ್ಲ.

ಮಾತ್ರೆಪೆಟ್ಟಿಗೆ
@ಗಿಡಮೂಲಿಕೆ_ಗಿರಿ ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳನ್ನ ಕೋವಿಡ್ ಕಾಲದಲ್ಲಿ ಮುಂಬೈ ವೈದ್ಯರೇ ದಾಖಲಿಸಿದ್ದಾರೆ. 6-ಎಂಪಿ, ಮೆಥೊಟ್ರೆಕ್ಸೇಟ್ ಎರಡೂ ಲಿವರಿಗೆ ಹೊರೆ. ಇದರ ಮೇಲೆ ಕಷಾಯ ಕುಡಿಸಿ ಎಸ್‌ಜಿಪಿಟಿ (ಲಿವರ್ ಪರೀಕ್ಷೆಯ ಸಂಖ್ಯೆ) ಏರಿದರೆ, ಡಾಕ್ಟರು ಕಷಾಯ ಅಂದುಕೊಳ್ಳಲ್ಲ, 6-ಎಂಪಿಯಿಂದ ಅಂದುಕೊಂಡು ಅದನ್ನ ಇಳಿಸ್ತಾರೆ. ಅಂದರೆ ಶಕ್ತಿ ಬರಲಿ ಅಂತ ಕೊಟ್ಟಿದ್ದು ಕ್ಯಾನ್ಸರ್ ಔಷಧಿಯನ್ನೇ ಕಡಿತ ಮಾಡಿಸುತ್ತೆ. ಹಸಿ ಎಲೆಯ ರಸದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಬೇರೆ.

ಗಿಡಮೂಲಿಕೆ_ಗಿರಿ
ಹಾಗಾದ್ರೆ ಅರಿಶಿನವೂ ಬೇಡ್ವಾ? ಎಲ್ಲದಕ್ಕೂ ಹೆದರಿಸ್ತೀರಪ್ಪ.

ಮಾತ್ರೆಪೆಟ್ಟಿಗೆ
ಸಾರಿಗೆ ಹಾಕೋ ಅರಿಶಿನ ಧಾರಾಳವಾಗಿ ಹಾಕಿ. ಕ್ಯಾಪ್ಸೂಲ್ ಬೇಡ.

ಅರಸೀಕೆರೆ_ಚಿಕ್ಕಮ್ಮ
ಊಟದ ಮಾತು ಬಂತಲ್ಲ. ಮನೇಲಿ ಮೊಸರಿಲ್ಲದೆ ಅನ್ನ ಇಳಿಯಲ್ಲ. ಕೆಲವರು ಮೊಸರೇ ಬೇಡ ಅಂತಾರೆ.

ನೈಟ್‌ಡ್ಯೂಟಿ
"ಕೀಮೋ ಪಥ್ಯ" ಅಂತ ಹಣ್ಣು, ಮೊಸರು ಎಲ್ಲ ಕಿತ್ತುಕೊಂಡು ಬರೀ ಗಂಜಿ ಕೊಡೋದರಿಂದ ಸೋಂಕು ಕಮ್ಮಿಯಾಗೋದು ಸಾಬೀತಾಗಿಲ್ಲ. ಕಮ್ಮಿಯಾಗೋದು ತೂಕ ಅಷ್ಟೇ. ಬೇಕಿರೋದು ಚೊಕ್ಕಟ ಅಡುಗೆ.

ಬಿಸಿಬಿಸಿ ಇಡ್ಲಿ, ಮುದ್ದೆ, ಬೇಳೆ ಸಾರು, ಬೇಯಿಸಿದ ಮೊಟ್ಟೆ (ಹಳದಿಯೂ ಗಟ್ಟಿಯಾಗಿರಲಿ), ರಾಗಿ ಗಂಜಿ ಎಲ್ಲ ಆಗುತ್ತೆ. ಮಾಡಿ ಎರಡು ಗಂಟೆಯೊಳಗೆ ತಿನ್ನಿಸಿ. ಬಾಳೆ, ಕಿತ್ತಳೆ ಥರ ಸಿಪ್ಪೆ ಸುಲಿಯೋ ಹಣ್ಣು ಸಲೀಸು, ಸಿಪ್ಪೆ ಸಮೇತ ತೊಳೆದು ಆಮೇಲೆ ಸುಲಿಯಿರಿ. ಕೋಸಂಬರಿ, ಹಸಿ ಸೌತೆ, ಮೇಲಿಂದ ಉದುರಿಸೋ ಹಸಿ ಕೊತ್ತಂಬರಿ ಕೌಂಟ್ ಕಮ್ಮಿ ಇದ್ದಾಗ ಬೇಡ. ಕಾಯಿಚಟ್ನಿ ರುಬ್ಬಿ ಇಟ್ಟರೆ ಬೇಗ ಹಳಸುತ್ತೆ, ಮಗುವಿಗೆ ಆಗಿಂದಾಗ್ಗೆ ಅರೆದು ಕೊಡಿ ಅಥವಾ ಒಗ್ಗರಣೆಯಲ್ಲಿ ಒಂದು ಕುದಿ ಬರಿಸಿ.

ಮೊಸರಿನಲ್ಲಿ ಯೂನಿಟ್ಟುಗಳ ನಡುವೆಯೇ ಒಮ್ಮತ ಇಲ್ಲ. ಚೆನ್ನಾಗಿ ಕುದಿಸಿದ ಹಾಲಲ್ಲಿ ದಿನಾ ಹೊಸದಾಗಿ ಹೆಪ್ಪು ಹಾಕಿದ್ದು ಮೇಂಟೆನೆನ್ಸಲ್ಲಿ ಬಹಳ ಕಡೆ ಒಪ್ತಾರೆ, 500ಕ್ಕಿಂತ ಕೆಳಗಿದ್ದಾಗ ಬೇಡ ಅಂತಾರೆ. ಹೆಪ್ಪು ಮಾತ್ರ ಪಕ್ಕದ ಮನೆಯಿಂದ ತರಬೇಡಿ. ಹಸು ಇದೆ ಅಂತ ನೊರೆಹಾಲು ಕೊಡೋ ಅಜ್ಜಂದಿರಿರ್ತಾರೆ, ಹಸಿ ಹಾಲು ಒಂದು ತೊಟ್ಟೂ ಬೇಡ. ದೇವಸ್ಥಾನದ ಪಂಚಾಮೃತ, ತೀರ್ಥವೂ ಅಷ್ಟೇ.

ಹರಟೆಕಟ್ಟೆ
ತೀರ್ಥಕ್ಕೂ ಕತ್ತರಿ ಹಾಕಿದ್ರಲ್ಲ ಸಿಸ್ಟರ್.

ನೈಟ್‌ಡ್ಯೂಟಿ
ತಲೆಗೆ ಪ್ರೋಕ್ಷಣೆ ಮಾಡಿಸಿ, ದೇವರು ಬೇಜಾರು ಮಾಡ್ಕೊಳಲ್ಲ. ಊರ ಶುದ್ಧ ನೀರಿನ ಘಟಕದ ನೀರನ್ನೂ ಕುದಿಸಿಯೇ ಕೊಡಿ. ಘಟಕ ಚೆನ್ನಾಗೇ ಇದ್ದರೂ ತರೋ ಕ್ಯಾನ್ ಒಳಗೆ ಪಾಚಿ ಇರುತ್ತೆ.

ಧಾರವಾಡ_ಫೇಡಾ
ಯಾರೂ ಕಾಲಿನ ಬಗ್ಗೆ ಮಾತಾಡವಲ್ರಿ. ವಿನ್‌ಕ್ರಿಸ್ಟಿನ್ ನರಕ್ಕ ಹತ್ತತೈತಿ. ವಾರಕ್ಕೊಮ್ಮೆ ನೋಡ್ರಿ: ಹಿಮ್ಮಡಿ ಮ್ಯಾಲೆ ಹತ್ತು ಹೆಜ್ಜಿ ನಡಿ ಅನ್ರಿ. ಬೆರಳು ಮ್ಯಾಲೆ ಎತ್ತಾಕ ಆಗವಲ್ದು, ನಡಿಯೂಮುಂದ ಪಾದ ಪಟಪಟ ಬಡಿತೈತಿ, ಪದೇಪದೇ ಎಡವತಾಳ ಅಂದ್ರ ಫುಟ್ ಡ್ರಾಪ್ ಶುರು ಆಗೈತಿ ಅಂತ ತಿಳೀರಿ. ಮುಂದಿನ ಸೂಜಿಗೆ ಮೊದಲ ಡಾಕ್ಟರಿಗೆ ಹೇಳಬೇಕು, ಡೋಸ್ ನೋಡ್ತಾರ.

ದಿನಾ ಮಾಡೂದು: ಕಾಲು ಚಾಚಿ ಕುಂದ್ರಸ್ರಿ, ಮೊಣಕಾಲು ಮಡಚಬಾರದು. ಒಂದು ಟವೆಲ್ ಪಾದದ ಮುಂಭಾಗಕ್ಕ ಹಾಕಿ ಎರಡೂ ತುದಿ ಹಿಡಿದು ಮೈ ಕಡೆ ಎಳೀರಿ, 30 ಸೆಕೆಂಡ್ ಹಿಡೀರಿ. ಒಂದೊಂದು ಕಾಲಿಗೆ 4 ಸಲ, ಮುಂಜಾನೆ ಸಂಜಿ. ಜಗ್ಗಬ್ಯಾಡ್ರಿ, ಮೀನಖಂಡ ಬಿಗಿ ಆದ್ರ ಸಾಕು. ಸ್ಪ್ಲಿಂಟ್ (ಪಾದಕ್ಕ ಆಸರಾ ಕೊಡೂ ಪಟ್ಟಿ) ಕೊಟ್ರ ಅಳತಿ ತಗೊಂಡು ಮಾಡಿಸಿದ್ದೇ ಇರ್ಲಿ, ಒಳಗ ಹತ್ತಿ ಸಾಕ್ಸ್. ಮೊದಲ ದಿನ 20 ನಿಮಿಷಕ್ಕ ಬಿಚ್ಚಿ ನೋಡ್ರಿ, ಕೆಂಪಗಾದ ಜಾಗ ಅರ್ಧ ತಾಸಾದ್ರೂ ಹೋಗಲಿಲ್ಲಂದ್ರ ಅಲ್ಲಿ ಒತ್ತತೈತಿ, ಸರಿ ಮಾಡಿಸ್ರಿ.

ಡೆಕ್ಸಾದಿಂದ ತೊಡಿ ಸೊಂಟದ ಸ್ನಾಯು ಸೋಲತಾವು. ಕೂತಲ್ಲಿಂದ ಎದ್ದೇಳಾಕ ಕೈ ಊರತಾಳಂದ್ರ ಅದೇ. ಹಳ್ಳಿ ಮನ್ಯಾಗ ಕುಕ್ಕರಗಾಲಿನ ಕಕ್ಕಸು ಇರತೈತಿ, ಅದರ ಮ್ಯಾಲೆ ಇಡೂ ನಡುವ ತೂತಿನ ಪ್ಲಾಸ್ಟಿಕ್ ಕುರ್ಚಿ ತಂದುಬಿಡ್ರಿ. ಕುಂತು ಏಳಾಕ ಆಗೂದಿಲ್ಲಂತ ಹುಡುಗಿ ಮಲ ತಡೀತಾಳ, ವಿನ್‌ಕ್ರಿಸ್ಟಿನ್ ಮೊದಲೇ ಮಲಬದ್ಧತೆ ಮಾಡತೈತಿ, ಎರಡೂ ಕೂಡಿ ದೊಡ್ಡ ತ್ರಾಸು.

ನೈಟ್‌ಡ್ಯೂಟಿ
ಧಾರವಾಡದವರ ಮಾತಿಗೆ ಒಂದು ಸೇರಿಸ್ತೀನಿ. ಮಲ ಕಟ್ಟಿದರೆ ಲ್ಯಾಕ್ಟುಲೋಸ್ (ಮಲ ಮೆದು ಮಾಡೋ ಸಿರಪ್), ನೀರು, ಹಣ್ಣು. ಎನಿಮಾ, ಕೆಳಗೆ ಇಡೋ ಗುಳಿಗೆ, ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಇಡೋದು, ಯಾವುದೂ ಬೇಡ. ಕಾರಣ ಥರ್ಮಾಮೀಟರಿನದ್ದೇ.

ಡೆಕ್ಸಾ ದಿನಗಳಲ್ಲಿ ರಾತ್ರಿ ಎರಡಕ್ಕೆ ಹಸಿವು ಅಂತ ಏಳ್ತಾಳೆ, ಸಿಕ್ಕಿದ್ದಕ್ಕೆಲ್ಲ ಸಿಟ್ಟಾಗ್ತಾಳೆ. ಔಷಧಿಯ ಕೆಲಸ ಅದು, ಮಗು ಹಠಮಾರಿ ಆಗಿದ್ದಲ್ಲ. ದಿನದ ಎರಡನೇ ಡೋಸ್ ಸಂಜೆ ನಾಲ್ಕರೊಳಗೆ ಕೊಡಬಹುದಾ ಕೇಳಿ, ನಿದ್ದೆ ಸ್ವಲ್ಪ ಸುಧಾರಿಸುತ್ತೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸು ಆ ಐದು ದಿನ ಎತ್ತಿಡಿ, ಬಿಪಿ ಏರುತ್ತೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ ಕಂಡರೆ ಸಕ್ಕರೆ ನೋಡಿಸಿ.

ಸೀಮೆಸುಣ್ಣ
ಶಾಲೆಯ ಕಡೆಯಿಂದ: ಡಾಕ್ಟರು ಒಪ್ಪಿದ ಮೇಲೆ ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಕೊಡಿ. ತರಗತಿಯಲ್ಲಿ ಯಾರಿಗಾದರೂ ಸಿಡುಬು (ಚಿಕನ್‌ಪಾಕ್ಸ್), ದಡಾರ ಬಂದರೆ ಅದೇ ದಿನ ಫೋನ್ ಮಾಡಬೇಕು ಅನ್ನೋದು ಅದರಲ್ಲಿ ಮೊದಲ ಸಾಲಾಗಿರಲಿ. ನಮ್ಮ ಕಡೆ "ಅಮ್ಮ ಬಂದಿದೆ" ಅಂತ ಹೇಳಿ ಹೆಸರೆತ್ತದೆ ಸುಮ್ಮನಿರ್ತಾರೆ, ಹಾಗಾಗಿ ಮಗುವಿನ ಪಕ್ಕ ಕೂರೋ ಮಕ್ಕಳ ತಾಯಂದಿರಿಗೆ ನೀವೇ ನೇರವಾಗಿ ತಿಳಿಸಿ. ಬಿಸಿಯೂಟ ಹಂಡೆಯಿಂದ ಬಿಸಿಬಿಸಿಯಾಗಿ ನೇರ ತಟ್ಟೆಗೆ ಬಂದರೆ ತೊಂದರೆ ಇಲ್ಲ, ಕ್ಷೀರಭಾಗ್ಯದ ಬಿಸಿ ಹಾಲೂ ಸರಿ. ತಟ್ಟೆ, ಲೋಟ, ನೀರು ಮನೆಯಿಂದ. ಬಿಸಿಲಲ್ಲಿ ಪ್ರಾರ್ಥನೆಗೆ ನಿಲ್ಲಿಸಬೇಡಿ ಅಂತಲೂ ಬರೆಯಿರಿ.

ನೈಟ್‌ಡ್ಯೂಟಿ
ಸಿಡುಬಿನ ಮಾತು ಮುಖ್ಯ. ಗುಳ್ಳೆ ಏಳೋ ಎರಡು ದಿನ ಮೊದಲಿಂದಲೇ ಹರಡುತ್ತೆ. ಒಂದೇ ಕೋಣೆಯಲ್ಲಿದ್ದಳು ಅಂತ ಗೊತ್ತಾದ ಕೂಡಲೇ ಹೇಳಿ, ಇಮ್ಯುನೋಗ್ಲಾಬ್ಯುಲಿನ್ ಕೊಡೋದಾದರೆ ಮೊದಲ 96 ಗಂಟೆಯೊಳಗೆ ಒಳ್ಳೆಯದು. ಮಗುವಿಗೆ ಗುಳ್ಳೆ ಬರಲಿ ನೋಡೋಣ ಅಂತ ಕಾಯಬಾರದು. ಬಸುರಿ ಅತ್ತೆಗೂ ಅದೇ ಅಪಾಯ, ಅವಳಿಗೆ ಹಿಂದೆ ಸಿಡುಬು ಆಗಿತ್ತಾ ಕೇಳಿಟ್ಟುಕೊಳ್ಳಿ.

ತಮ್ಮನ ಲಸಿಕೆ ತಪ್ಪಿಸಬೇಡಿ. ದಡಾರ-ರುಬೆಲ್ಲಾ ಸೂಜಿ ಹಾಕಿಸಿ. ಬಾಯಿಗೆ ಹಾಕೋ ಪೋಲಿಯೋ ಹನಿ ಮಾತ್ರ ಬೇಡ, ಅದರಲ್ಲಿ ಜೀವಂತ ವೈರಸ್ ಇರುತ್ತೆ, ಮಲದಲ್ಲಿ ವಾರಗಟ್ಟಲೆ ಹೊರಬರುತ್ತೆ. ಅವನಿಗೆ ಸೂಜಿ ರೂಪದ ಪೋಲಿಯೋ ಲಸಿಕೆ. ಪಲ್ಸ್ ಪೋಲಿಯೋ ಭಾನುವಾರ ಆಶಾ ಕಾರ್ಯಕರ್ತೆ ಮನೆಗೇ ಬರ್ತಾರೆ, ಅವರಿಗೆ ಮೊದಲೇ ಹೇಳಿಟ್ಟಿರಿ. ಮಗಳಿಗೆ ಜೀವಂತ ಲಸಿಕೆ ಯಾವುದೂ ಈಗಿಲ್ಲ, ಚಿಕಿತ್ಸೆ ಮುಗಿದು ಕನಿಷ್ಠ ಆರು ತಿಂಗಳ ಮೇಲೆ. ಮನೆಮಂದಿಗೆಲ್ಲ ವರ್ಷಕ್ಕೊಂದು ಫ್ಲೂ ಸೂಜಿ.

ಕುಡ್ಲದ_ಬೊಂಡ
ಕೊಟ್ಟಿಗೆಯ ಬಗ್ಗೆ ಯಾರೂ ಹೇಳಲಿಲ್ಲ. ಹಸು ಮಾರಬೇಕಾಗುತ್ತದೆಯೇ?

ಸ್ಲೈಡ್‌ನೋಡುಗ
ಹಸು ಇರಲಿ. ತೊಂದರೆ ಮಾಡೋದು ಬೂಷ್ಟು. ಒದ್ದೆಯಾದ ಹುಲ್ಲಿನ ಬಣವೆ ಕೆದರಿದಾಗ, ತಿಪ್ಪೆ ಎತ್ತಿದಾಗ, ಗೋಡೆ ಕೆರೆದಾಗ ಆಸ್ಪರ್‌ಜಿಲಸ್ ಬೀಜಾಣು ಗಾಳಿಗೆ ಏಳುತ್ತೆ, ಶ್ವಾಸಕೋಶಕ್ಕೆ ಹೋದರೆ ತೆಗೆಯೋದು ಕಷ್ಟ. ಮಗು ಬರೋ ಮೊದಲೇ ಸುಣ್ಣಬಣ್ಣ ಮುಗಿಸಿ ಒಂದೆರಡು ವಾರ ಒಣಗಲಿ, ಅವಳು ಬಂದಮೇಲೆ ಹಬ್ಬ ಅಂತ ಕೆರೆಯೋಕೆ ಹೋಗಬೇಡಿ. ರಾಗಿ ಬಡಿಯೋ ಕಣ, ಕೊಬ್ಬರಿ ಅಟ್ಟ, ಎರಡರಿಂದಲೂ ದೂರ.

ಮಾತ್ರೆಪೆಟ್ಟಿಗೆ
ಹಾಗೆ ಫಂಗಸ್ ಸೋಂಕಾಗಿ ಇಟ್ರಾಕೊನಜೋಲ್, ವೊರಿಕೊನಜೋಲ್ ಬರೆದರೆ ವಿನ್‌ಕ್ರಿಸ್ಟಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿದು ನರಕ್ಕೆ ಪೆಟ್ಟು ಕೊಡುತ್ತೆ. ಗಜಕರ್ಣಕ್ಕೂ ಚರ್ಮದ ಡಾಕ್ಟರು ಇಟ್ರಾಕೊನಜೋಲ್ ಬರೀತಾರೆ, ಬೇರೆ ಯಾವ ಡಾಕ್ಟರು ಏನೇ ಬರೆದರೂ ಯೂನಿಟ್ಟಿಗೆ ಹೇಳಿಯೇ ಕೊಡಿ.

ಕೌಂಟರ್_ನಂ_4
ಖರ್ಚು, ಓಡಾಟದ ಬಗ್ಗೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ ನೂರಕ್ಕೆ 30 ಪಾಲು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೇಂಟೆನೆನ್ಸ್ ಮಾತ್ರೆಗೂ ಹೊಸದಾಗಿ ಮಂಜೂರಾತಿ ಬೇಕಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳೋ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ. ಮಾತ್ರೆ ಒಂದು ಸೈಕಲ್‌ಗೆ ಬೇಕಾದ್ದಕ್ಕಿಂತ ಹತ್ತು ದಿನದ್ದು ಹೆಚ್ಚಿರಲಿ, ತಾಲ್ಲೂಕಿನ ಅಂಗಡಿಗಳಲ್ಲಿ 6-ಎಂಪಿ ಕೇಳಿದ ಕೂಡಲೇ ಸಿಗಲ್ಲ.

ರೈಲಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗೋ ಒಬ್ಬರಿಗೆ ನೂರಕ್ಕೆ 75. ಸೆಕೆಂಡ್ ಕ್ಲಾಸ್, ಎಸಿ ಚೇರ್‌ಕಾರ್‌ನಲ್ಲಿ ಇಬ್ಬರಿಗೂ 75. ಆಸ್ಪತ್ರೆಯ ಸಹಿ, ಸೀಲಿರೋ ನಿಗದಿತ ಫಾರಂ ಬೇಕು. ಬಸ್ಸಲ್ಲಿ ತಾಯಿಗೆ ಶಕ್ತಿ ಯೋಜನೆ ಇದೆ, ಆದರೆ ಕೌಂಟ್ ಕಮ್ಮಿ ಇರೋ ಮಗುವನ್ನ ಆ ನೂಕುನುಗ್ಗಲಲ್ಲಿ ಕರೆದೊಯ್ಯೋದಕ್ಕಿಂತ ಬೆಳಗಿನ ರೈಲೇ ವಾಸಿ.

ಹರಟೆಕಟ್ಟೆ
ರಿಯಾಯಿತಿ ಎಲ್ಲ 2020ರಲ್ಲೇ ಕಿತ್ತಾಕಿದ್ರಲ್ಲ? ನಮ್ಮಪ್ಪನ ಸೀನಿಯರ್ ಸಿಟಿಜನ್ ಟಿಕೆಟ್ ಪೂರ್ತಿ ದುಡ್ಡು ಈಗ.

ಕೌಂಟರ್_ನಂ_4
ಹಿರಿಯರದ್ದು ಹೋಯ್ತು, ರೋಗಿಗಳದ್ದು ಉಳಿದಿದೆ. ಸ್ಟೇಷನ್ ಕೌಂಟರಲ್ಲಿ "ಇಲ್ಲ" ಅಂದರೆ ರಿಸರ್ವೇಶನ್ ಮೇಲ್ವಿಚಾರಕರನ್ನ ಕೇಳಿ.

ಅರಸೀಕೆರೆ_ಚಿಕ್ಕಮ್ಮ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೆ ಮಾತ್ರೆ ಕ್ಯಾಲೆಂಡರ್ ಹೊರೆಸಿದ್ದೀವಿ, ಅಕ್ಕನಿಗೆ ಜ್ವರದ ಬ್ಯಾಗು. ಇನ್ನೊಂದೇ ಪ್ರಶ್ನೆ: ಕೆಳಗಿನ ಮುಂದಿನ ಹಾಲುಹಲ್ಲು ಅಲ್ಲಾಡ್ತಿದೆ. ಹೋದ ವಾರ ಪ್ಲೇಟ್‌ಲೆಟ್ 80 ಸಾವಿರ ಇತ್ತು. ಅಜ್ಜಿ ದಾರ ಕಟ್ಟಿ ಎಳೀತೀನಿ ಅಂತ ಕೂತಿದ್ದಾರೆ.

ನೈಟ್‌ಡ್ಯೂಟಿ
ದಾರ ಬೇಡ, ಅಜ್ಜಿಗೆ ಬೇರೆ ಕೆಲಸ ಕೊಡಿ. ತಾನಾಗಿ ಬೀಳಲಿ, 80 ಸಾವಿರಕ್ಕೆ ಅದರಿಂದ ಏನೂ ಆಗಲ್ಲ. ಬಿದ್ದಾಗ ಚೊಕ್ಕ ಗಾಜ್ ಬಟ್ಟೆ ಮಡಚಿ ಆ ಜಾಗದಲ್ಲಿ ಹತ್ತು ನಿಮಿಷ ಕಚ್ಚಿಸಿ, ನಡುನಡುವೆ ತೆಗೆದು ನೋಡಬೇಡಿ. 20 ನಿಮಿಷಕ್ಕೂ ನಿಲ್ಲದಿದ್ದರೆ ಫೋನ್. ಆ ದಿನ ಬಾಯಿ ಮುಕ್ಕಳಿಸೋದು ಬೇಡ. ಮಾರನೇ ದಿನದಿಂದ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಊಟವಾದ ಮೇಲೆಲ್ಲ ಮುಕ್ಕಳಿಸಿ ಉಗುಳಲಿ. ಹಲ್ಲು ಕೀಳಿಸಲೇಬೇಕಾದ ಪರಿಸ್ಥಿತಿ ಬಂದರೆ ಅದೇ ವಾರದ ಸಿಬಿಸಿ ನೋಡದೆ ದಂತವೈದ್ಯರ ಕುರ್ಚಿ ಹತ್ತಿಸಬೇಡಿ.

ಅರಸೀಕೆರೆ_ಚಿಕ್ಕಮ್ಮ
ಬ್ರಷ್ ಮಾಡಿಸಬಹುದಾ ಆ ಜಾಗ ಬಿಟ್ಟು?

ನೈಟ್‌ಡ್ಯೂಟಿ
ಮಾಡಿಸಿ. ಅತಿ ಮೃದುವಾದ ಮಕ್ಕಳ ಬ್ರಷ್, ದಿನಕ್ಕೆ ಎರಡು ಸಲ. ಇದ್ದಿಲು, ಹಲ್ಲುಪುಡಿ ಬೇಡ.